ಕಾಗದಕ್ಕೆ ಹೊಡೆದು ಮಕ್ಕಳಿಗೆ ಬೇಜಾರು: ಹೊಡೆದರೆ ಬೀಳೋ, ಒಡೆಯೋ, ಕುಣಿಯೋ ಗುರಿ ಏನಿಡಲಿ?

ಎಡಗಣ್ಣಿನ ಅಪ್ಪ:

ಇಬ್ಬರು ಮಕ್ಕಳು. ದೊಡ್ಡವನಿಗೆ 12, ಚಿಕ್ಕವಳಿಗೆ 9. ಎರಡು ತಿಂಗಳಿಂದ ಭಾನುವಾರ ಬೆಳಗ್ಗೆ ಇಬ್ಬರನ್ನೂ ಶೂಟಿಂಗ್ ರೇಂಜಿಗೆ ಕರ್ಕೊಂಡು ಹೋಗ್ತಿದ್ದೀನಿ. ದೊಡ್ಡವನಿಗೆ .22 ಬೋಲ್ಟ್ ಆಕ್ಷನ್, ಒಂದೊಂದೇ ಗುಂಡು ಹಾಕಿ ಹೊಡೆಯೋ ರೈಫಲ್ಲು. ಚಿಕ್ಕವಳಿಗೆ .177 ಏರ್ ರೈಫಲ್, ಮರಳಿನ ಚೀಲದ ಮೇಲೆ ಒರಗಿಸಿ. ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇದೆ, ಕಣ್ಣಿಗೆ ಕನ್ನಡಕ, ಕಿವಿಗೆ ಮಫ್ ಇದೆ, ನಾನು ಪಕ್ಕದಿಂದ ಅಲ್ಲಾಡಲ್ಲ. ಆ ವಿಷಯದಲ್ಲಿ ಪಾಠ ಬೇಡ. ಬೇಡ ಅಂದರೂ ಹೇಳ್ತೀರಿ ಅಂತ ಗೊತ್ತು, ಹೇಳಿ.

ಸಮಸ್ಯೆ ಏನಂದ್ರೆ, ಮೊದಲ ಎರಡು ವಾರ ಕಾಗದದ ಮೇಲೆ ತೂತು ನೋಡಿ ಕುಣಿದಾಡಿದರು. ಮೂರನೇ ವಾರದಿಂದ ಮಗಳು ಪ್ರತಿ ಸಲವೂ ತಲೆ ಎತ್ತಿ "ಅಪ್ಪಾ, ಬಿತ್ತಾ?" ಅಂತ ಕೇಳೋಕೆ ಶುರು. 4.5 ಮಿ.ಮೀ. ತೂತು, ಅದೂ ಕಪ್ಪು ವೃತ್ತದ ಒಳಗೆ ಬಿದ್ದರೆ, 10 ಮೀಟರಿಂದ ಅವಳಿಗೆ ಎಲ್ಲಿ ಕಾಣಬೇಕು? ನಾನು ದುರ್ಬೀನಲ್ಲಿ ಇಣುಕಿ "ಏಳು, ಎಡಗಡೆ, ಸ್ವಲ್ಪ ಕೆಳಗೆ" ಅಂತ ವರದಿ ಒಪ್ಪಿಸಬೇಕು. ಹೊಡೆಯೋಳು ಅವಳು, ಸುದ್ದಿ ಓದೋನು ನಾನು. ಹೋದ ವಾರ ರೈಫಲ್ಲನ್ನು ನೀಟಾಗಿ ಕೆಳಗಿಟ್ಟು ಬೆಂಚಿನ ಮೇಲಿನ ಇರುವೆ ಎಣಿಸ್ತಾ ಕೂತುಬಿಟ್ಟಳು. ರೈಫಲ್ಲಿನ ಬಟ್ (ಹೆಗಲಿಗೆ ಒತ್ತೋ ಹಿಂಭಾಗ) ಮೇಲೆ ತಲೆ ವಾಲಿಸಿ ವಾಲಿಸಿ ಕತ್ತು ನೋಯ್ತದೆ ಅನ್ನೋದು ಬೇರೆ ದೂರು.

ತಗಡಿನ ಡಬ್ಬ ಇಟ್ಟು ನೋಡಿದೆ. ಮಗನ ಗುಂಡು ಈ ಕಡೆಯಿಂದ ಆ ಕಡೆ ಸೀದಾ ತೂರಿ ಹೋಯ್ತು, ಡಬ್ಬ ನಿಂತಲ್ಲೇ ನಿಂತಿತ್ತು. ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಗೆ ಮಗಳು ಹೊಡೆದಳು. ಸಿಡಿಯುತ್ತೆ ಅಂದ್ಕೊಂಡಿದ್ದೆ, ಸಣ್ಣ ತೂತಾಗಿ ಉಚ್ಚೆ ಹೊಯ್ದ ಹಾಗೆ ನೀರು ಸುರೀತು. ಐದು ನಿಮಿಷ ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕರು. ಅಷ್ಟೇ, ಎರಡನೇ ಬಾಟಲಿಗೆ ಯಾರೂ ನಗಲಿಲ್ಲ.

ಬಿದ್ದದ್ದು ಅವಳಿಗೇ ಕಾಣಬೇಕು. ಪ್ರತಿ ಗುಂಡಿಗೂ ನಾನು ಎದ್ದು ಹೋಗಿ ನಿಲ್ಲಿಸೋ ಹಾಗಿರಬಾರದು. ಕಸ ಕಡಿಮೆ ಆಗಬೇಕು. ನೀವೆಲ್ಲ ಏನಿಡ್ತೀರಿ?

ಒಂದೇ ಗುಂಡು:

ಬಲೂನು. ಇದಕ್ಕೆ ಇಷ್ಟುದ್ದ ಪ್ರಶ್ನೆನಾ?

ಆದರೆ ದೊಡ್ಡದಾಗಿ ಊದಬೇಡಿ. ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಬಿಗಿಯಾಗಿ. ಮೆತ್ತಗಿದ್ದರೆ ಕೆಲವು ಸಲ ಒಡೆಯೋದೇ ಇಲ್ಲ, ಸುಯ್ ಅಂತ ಗಾಳಿ ಬಿಡುತ್ತೆ, ಮಕ್ಕಳ ಮುಖವೂ ಹಾಗೇ ಆಗುತ್ತೆ. ಊದೋಕೆ ಮುಂಚೆ ಒಂದು ಚಮಚ ಹಿಟ್ಟು ಹಾಕಿ, ಒಡೆದಾಗ ಹೊಗೆ ಎದ್ದ ಹಾಗೆ ಕಾಣುತ್ತೆ. ಒಂದು ಗೇಣು ದಾರಕ್ಕೆ ಕಟ್ಟಿದರೆ ಗಾಳಿಗೆ ಕುಣಿಯುತ್ತೆ, ಅದು ಮಗನಿಗೆ. ದಾರ ಕಟ್ಟದೆ ಹಲಗೆಗೆ ಪಿನ್ ಹೊಡೆದಿದ್ದು ಮಗಳಿಗೆ. ಕೊನೆಗೆ ರಬ್ಬರ್ ಚೂರು ಹೆಕ್ಕಿ, ದನ ತಿಂದುಬಿಡುತ್ತವೆ.

ಸೀಮೆಸುಣ್ಣ:

ನಾನು ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವಳು, ಶನಿವಾರ ಮಕ್ಕಳಿಗೆ ರೈಫಲ್ ಕಲಿಸುತ್ತಿದ್ದೆ. ಈಗ ಮೊದಲನೆಯದು ಬಿಟ್ಟಿದ್ದೇನೆ, ಎರಡನೆಯದು ಬಿಟ್ಟಿಲ್ಲ. ಆದ್ದರಿಂದ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಿಮ್ಮ ಮಗಳಿಗೆ ಬೇಕಾಗಿರುವುದು ಸಿಡಿತ ಅಲ್ಲ. ಉತ್ತರ. ಅದೂ ಅವಳು ತಲೆ ಎತ್ತುವುದಕ್ಕೆ ಮುಂಚೆ. "ಬಿತ್ತಾ?" ಎಂದು ತಲೆ ಎತ್ತುವ ಅಭ್ಯಾಸ ಕಾಗದ ಕಲಿಸಿದ್ದು. ಟ್ರಿಗರ್ ಎಳೆದ ಮೇಲೂ ಒಂದು ಉಸಿರಿನಷ್ಟು ಹೊತ್ತು ಕೆನ್ನೆ ಬಟ್ ಮೇಲೇ ಇರಬೇಕು, ಕಣ್ಣು ಸೈಟಲ್ಲೇ, ಅಂದರೆ ಗುರಿ ಹಿಡಿಯಲು ನಳಿಗೆಯ ಮೇಲಿರುವ ಸಾಧನದಲ್ಲೇ, ಇರಬೇಕು. ಇದನ್ನು ಬಾಯಲ್ಲಿ ನೂರು ಸಲ ಹೇಳಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಗುರಿ ಒಡೆಯುವುದನ್ನು ಸೈಟಿನ ಮೂಲಕವೇ ನೋಡಬೇಕು ಎಂಬ ಆಟ ಕಟ್ಟಿದರೆ ತಾನಾಗಿ ಬರುತ್ತದೆ. ಏರ್ ರೈಫಲ್ಲಿನ ಪೆಲೆಟ್, ಅಂದರೆ ಅದರ ಸಣ್ಣ ಸೀಸದ ಗುಂಡು, ನಿಧಾನ, ನಳಿಗೆಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ತಲೆ ಎತ್ತಿದರೆ ತಪ್ಪುವುದು ಅದರಲ್ಲೇ ಜಾಸ್ತಿ.

ಒಂದೇ ಗುರಿಯನ್ನು ಇಬ್ಬರಿಗೂ ಹುಡುಕಬೇಡಿ. .22ರ 40 ಗ್ರೇನ್ ಗುಂಡು, ಅಂದರೆ 2.6 ಗ್ರಾಂ, ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ಹೊರಟರೆ 140 ಜೂಲ್ ಶಕ್ತಿ. 10 ಮೀಟರ್ ಸ್ಪರ್ಧೆಯ ಏರ್ ರೈಫಲ್ಲಿನ ಪೆಲೆಟ್ಟಿಗೆ ಏಳೆಂಟು ಜೂಲ್. ಮಗಳ ಪೆಲೆಟ್ಟಿಗೆ ಗಿರಗಿರ ತಿರುಗುವ ತೆಳು ಸ್ಪಿನ್ನರನ್ನು ಮಗನ ಗುಂಡು ಒಂದೇ ಏಟಿಗೆ ಜರಡಿ ಮಾಡುತ್ತದೆ. ಮಗನ ಗುಂಡಿಗೆ ಬೀಳುವ ದಪ್ಪ ಪ್ಲೇಟು ಮಗಳ ಪೆಲೆಟ್ಟಿಗೆ ಮೈಯನ್ನೂ ತುರಿಸಿಕೊಳ್ಳುವುದಿಲ್ಲ.

ಮಗಳಿಗೆ ಸೀಮೆಸುಣ್ಣ. ಒಂದು ಹಲಗೆಯಲ್ಲಿ ನಾಲ್ಕು ಬೆರಳಿಗೊಂದರಂತೆ ಹತ್ತು ತೂತು ಕೊರೆದು ಬಣ್ಣದ ಸೀಮೆಸುಣ್ಣ ನಿಲ್ಲಿಸಿ. ಮೊದಲು ಐದಾರು ಮೀಟರ್ ದೂರದಿಂದ, ಆಮೇಲೆ 10. ಒಂದು ಸೆಂಟಿಮೀಟರ್ ದಪ್ಪದ ಕಡ್ಡಿ, ತಾಗಿದರೆ ಪುಡಿ ಹಾರಿ ಮೇಲಿನ ಅರ್ಧ ಮಾಯ. ಕೆಳಗಿನ ಮೋಟು ಉಳಿಯುತ್ತದಲ್ಲ, ಅದು ಎರಡನೇ ಸುತ್ತಿನ ಗುರಿ. ಹತ್ತು ಕಡ್ಡಿ ಅಂದರೆ ಇಪ್ಪತ್ತು ಹೊಡೆತ, ನೀವು ಎದ್ದು ಹೋಗುವುದು ಒಂದು ಸಲ. ಉಳಿಯುವ ಪುಡಿ ಮಳೆಗೆ ಹೋಗುತ್ತದೆ. ತೀರಾ ಕಷ್ಟ ಅನ್ನಿಸಿದರೆ ಕಡ್ಡಿಗಳ ಹಿಂದೆ ಬಿಸ್ಕತ್ತು ಸಿಕ್ಕಿಸಿ, ಅಗಲ ಇರುತ್ತದೆ.

ಮಗನಿಗೆ ಮಣ್ಣಿನ ಹಕ್ಕಿ. ಶಾಟ್‌ಗನ್ನಿನವರು ಗಾಳಿಗೆ ಹಾರಿಸುತ್ತಾರಲ್ಲ, 11 ಸೆಂಟಿಮೀಟರ್ ಅಗಲದ ಆ ಬಿಲ್ಲೆ. ದಿಬ್ಬದ ಬುಡದಲ್ಲಿ 25 ಮೀಟರಿಗೆ ಒರಗಿಸಿ. ಹೊಡೆದ, ಮೂರು ಚೂರಾಯಿತು. ಈಗ ಅತಿ ದೊಡ್ಡ ಚೂರಿಗೆ ಹೊಡೆಯಬೇಕು. ಅದೂ ಒಡೆಯಿತು, ಇನ್ನೂ ಚಿಕ್ಕದಕ್ಕೆ. ನಾವು ಇದಕ್ಕೆ "ಚೂರಿನ ಚೂರು" ಅನ್ನುತ್ತೇವೆ. ತಪ್ಪಿಸಿದವನು ಮುಂದಿನವರಿಗೆ ಬಿಟ್ಟುಕೊಡಬೇಕು. ಗುರಿಯನ್ನು ಕಷ್ಟ ಮಾಡುವುದು ನಾನಲ್ಲ, ಅವರೇ. ಎರಡು ಬಿಲ್ಲೆಯಲ್ಲಿ ಅರ್ಧ ಗಂಟೆ ಕಳೆದುಹೋಗುತ್ತದೆ. ಹೆಸರಿಗೆ ಮಣ್ಣಾದರೂ ಅನೇಕವು ಡಾಂಬರಿನಂಥ ಪಿಚ್ಚಿನಲ್ಲಿ ಮಾಡಿದವು, ಚೂರು ಗುಡಿಸಿ ತನ್ನಿ.

ಇಬ್ಬರಿಗೂ ಸೇರಿ ಮಂಜುಗಡ್ಡೆ. ಡಬ್ಬದ ಮುಚ್ಚಳದಲ್ಲಿ ಬಣ್ಣದ ನೀರು ತೆಳ್ಳಗೆ ಸುರಿದು ಹಿಂದಿನ ರಾತ್ರಿ ಫ್ರೀಜರಿಗಿಡಿ. ದಾರದ ತುದಿಯನ್ನು ನೀರಲ್ಲೇ ಬಿಟ್ಟಿದ್ದರೆ ನೇತುಹಾಕಲು ಕೊಕ್ಕೆ ಬೇಕಿಲ್ಲ. ತೆಳು ಬಿಲ್ಲೆ ಮಗಳಿಗೆ, ಲೋಟದಷ್ಟು ದಪ್ಪದ್ದು ಮಗನಿಗೆ. ಅದಕ್ಕಿಂತ ದೊಡ್ಡ ಗಡ್ಡೆ ಬೇಡ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗಿ ಪ್ರತಿ ಬಿಲ್ಲೆಯಲ್ಲೂ ಒಂದೊಂದು ಹೂವಿಟ್ಟು ಹೆಪ್ಪುಗಟ್ಟಿಸಿ ತರುತ್ತಿದ್ದಳು. ಆಮೇಲೆ ಹೊಡೆಯಲು ಮನಸ್ಸಾಗದೆ ಕರಗುವವರೆಗೆ ಕಾಯುತ್ತಿದ್ದಳು. ಗುರಿ ಮಾಡುವ ಕೆಲಸ ಮಕ್ಕಳಿಗೇ ಬಿಡಿ, ಶನಿವಾರ ಸಂಜೆಯೇ ಆಟ ಶುರುವಾಗುತ್ತದೆ.

ಈಗ ನೀವು ಬೇಡ ಅಂದ ಪಾಠ. ಸೀಮೆಸುಣ್ಣ, ಬಲೂನು, ಬಿಸ್ಕತ್ತು ಇವು ಯಾವುವೂ ಗುಂಡನ್ನು ತಡೆಯುವುದಿಲ್ಲ. .22 ಗುಂಡು ಅಡೆತಡೆ ಇಲ್ಲದಿದ್ದರೆ ಒಂದು ಕಿಲೋಮೀಟರಿಗೂ ಆಚೆ ಹೋಗುತ್ತದೆ. ಡಬ್ಬವನ್ನು ದಿಬ್ಬದ ನೆತ್ತಿಯ ಮೇಲೆ ಸಾಲಾಗಿ ನಿಲ್ಲಿಸಲು ಮಕ್ಕಳಿಗೆ ಬಹಳ ಇಷ್ಟ. ಅಲ್ಲಿ ಬೇಡ, ಬುಡದಲ್ಲಿ.

ಕಬ್ಬಿಣದ ಬಗ್ಗೆ ನನಗೆ ಕೆನ್ನೆಯ ಮೇಲೆ ಒಂದು ಗುರುತಿದೆ. ಯಾವುದೋ ಹಳೆಯ ದಪ್ಪ ತಟ್ಟೆ ಸಿಕ್ಕಿತ್ತು, ಠಣ್ ಅಂತ ಚೆನ್ನಾಗಿ ಸದ್ದು ಬರುತ್ತಿತ್ತು. ಹುಡುಗರಿಗೆ ಸದ್ದು ಬೇಕು, ನನಗೂ ಬೇಕಿತ್ತು. ಒಂದು ವರ್ಷ ಹೊಡೆದು ಹೊಡೆದು ಅದರ ಮುಖ ಸಿಡುಬಿನ ಕಲೆಯಂತೆ ಗುಳಿ ಬಿದ್ದಿತ್ತು. ದೂರವೂ 10 ಮೀಟರ್ ಅಷ್ಟೇ. ಒಂದು ದಿನ ಸೀಸದ ಚೂರು ವಾಪಸ್ ಬಂದು ಕನ್ನಡಕದ ಕೆಳಗೆ ಕೆನ್ನೆಗೆ ಕಚ್ಚಿತು. ಎರಡು ಹನಿ ರಕ್ತ. ನನ್ನ ಪಕ್ಕದಲ್ಲಿ ಹತ್ತು ವರ್ಷದ ಹುಡುಗ ನಿಂತಿದ್ದ, ಅವನ ಕಣ್ಣು ನನ್ನ ಕೆನ್ನೆಯ ಎತ್ತರದಲ್ಲಿರಲಿಲ್ಲ ಅನ್ನುವುದೊಂದೇ ಪುಣ್ಯ. ನುಣುಪಾದ, ಗಟ್ಟಿ ಉಕ್ಕಿಗೆ ಬಡಿದ ಸೀಸ ಅಪ್ಪಚ್ಚಿಯಾಗಿ ಪ್ಲೇಟಿನ ಮೈಗುಂಟ ಸುತ್ತಲೂ ಚೆಲ್ಲುತ್ತದೆ, ನಮ್ಮ ಕಡೆ ಬರುವುದು ಕಡಿಮೆ. ಗುಳಿ ಬಿದ್ದಿದ್ದರೆ ಆ ಗುಳಿಯೇ ಬಟ್ಟಲಾಗಿ ಚೂರನ್ನು ಬಂದ ದಾರಿಗೇ ತಿರುಗಿಸುತ್ತದೆ. ಅಂದಿನಿಂದ ನನ್ನ ಲೆಕ್ಕ: .22ಕ್ಕೆ ಉಕ್ಕು ಅಂದರೆ 25 ಮೀಟರಿಗಿಂತ ಹತ್ತಿರ ಬೇಡ, ತಯಾರಕರು ಹೆಚ್ಚು ಹೇಳಿದ್ದರೆ ಅಷ್ಟು. ಪ್ಲೇಟಿನ ಮುಖ 20 ಡಿಗ್ರಿಯಷ್ಟು ನೆಲದ ಕಡೆ ಬಾಗಿರಬೇಕು. ಗುಳಿ ಕಂಡರೆ ಗುಜರಿಗೆ. ನೋಡುತ್ತ ನಿಂತವರಿಗೂ ಕನ್ನಡಕ. ಕೆಲವು ಏರ್ ಗನ್ನಿಗೆ ಹಾಕುವ ಉಕ್ಕಿನ ಸಣ್ಣ ಗೋಲಿಯನ್ನು, ಅಂದರೆ ಬಿಬಿ ಗುಂಡನ್ನು, ಉಕ್ಕಿಗೆ ಎಂದೂ ಹೊಡೆಯಬೇಡಿ, ಚೆಂಡಿನಂತೆ ಪುಟಿದು ಬರುತ್ತದೆ. ಗಾಜು, ಕಲ್ಲು, ನಿಂತ ನೀರು, ಒತ್ತಡ ತುಂಬಿದ ಸ್ಪ್ರೇ ಡಬ್ಬ ಇವನ್ನೂ ಬಿಡಿ.

ಕತ್ತು ನೋವಿನ ಮಾತು ನನಗೆ ಸರಿಕಾಣಲಿಲ್ಲ. ರಟ್ಟಿನಲ್ಲಿ ಒಂದು ರೂಪಾಯಿಯಗಲ ತೂತು ಮಾಡಿ, ಎರಡೂ ಕೈಯಲ್ಲಿ ಹಿಡಿದು ಕೈ ಚಾಚಿ, ಎರಡೂ ಕಣ್ಣು ತೆರೆದು, ದೂರದ ವಸ್ತು ಅದರಲ್ಲಿ ಕಾಣುವಂತೆ ಹಿಡಿಯಲು ಹೇಳಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿಸಿ. ಯಾವ ಕಣ್ಣಿಗೆ ವಸ್ತು ಕಾಣುತ್ತದೋ ಅದು ಅವಳ ಯಜಮಾನ ಕಣ್ಣು. ನೋಡಿ ತಿಳಿಸಿ.

ದಾರ ಎಳೆಯೋನು:

ಎದ್ದು ಹೋಗೋದು ತಪ್ಪಬೇಕು ಅಂದ್ರಲ್ಲ, ಅದಕ್ಕೆ ಏರ್ ರೈಫಲ್ಲಿನ ಫೀಲ್ಡ್ ಟಾರ್ಗೆಟ್ ನೋಡಿ. ಮುಂದೆ ತೂತಿರೋ ಒಂದು ಪ್ಲೇಟು, ತೂತಿನ ಹಿಂದೆ ಸಣ್ಣ ಪ್ಯಾಡಲ್ಲು. ಪೆಲೆಟ್ಟು ತೂತಲ್ಲಿ ಹೋಗಿ ಪ್ಯಾಡಲ್ಲಿಗೆ ತಾಗಿದರೆ ಮಾತ್ರ ಪ್ಲೇಟು ಮಲಗುತ್ತೆ. ಪ್ಲೇಟಿನ ಮುಖಕ್ಕೆ ತಾಗಿದರೆ ಠಣ್ ಅನ್ನುತ್ತೆ, ಬೀಳಲ್ಲ. ಕೂತಲ್ಲಿಂದ ದಾರ ಎಳೆದರೆ ಎದ್ದು ನಿಲ್ಲುತ್ತೆ. ಸ್ಪರ್ಧೆಯಲ್ಲಿ ಆ ತೂತು 15ರಿಂದ 40 ಮಿ.ಮೀ. ಇರುತ್ತೆ, ಮಗುವಿಗೆ 40ರದ್ದೇ ಇರಲಿ.

ನಮ್ಮನೇಲಿ ದಾರ ಎಳೆಯೋ ಕೆಲಸಕ್ಕೇ ಜಗಳ. ಒಬ್ಬ ಹೊಡೆಯೋದು, ಇನ್ನೊಬ್ಬ ಎಳೆಯೋದು, ಐದೈದಕ್ಕೆ ಬದಲು. ಕಾಯೋ ಮಗುವಿಗೆ ಕೆಲಸ ಇದ್ದರೆ ಇರುವೆ ಎಣಿಸಲ್ಲ.

ಮಗ ಇನ್ನೂ ಪಳಗಿದ ಮೇಲೆ ಸಿಲೂಯೆಟ್ ಇದೆ. ಕೋಳಿ, ಹಂದಿ, ಟರ್ಕಿ, ಟಗರು, ನಾಲ್ಕು ಉಕ್ಕಿನ ಆಕೃತಿ. .22ಕ್ಕೆ ಕ್ರಮವಾಗಿ 40, 60, 77, 100 ಮೀಟರ್. ತಾಗಿದರೆ ಸಾಲದು, ಪೀಠದಿಂದ ಕೆಡವಬೇಕು. ಮೆಕ್ಸಿಕೋದಲ್ಲಿ ಹುಟ್ಟಿದ ಆಟ. ಒಂದು ನಿಜ ಹೇಳ್ತೀನಿ, ಟಗರಿಗಿಂತ ಟರ್ಕಿ ಕಷ್ಟ. ಟಗರು ಉದ್ದಕ್ಕೆ ಮಲಗಿದ ಹಾಗಿರುತ್ತೆ, ಟರ್ಕಿ ಕಡ್ಡಿ ಹಾಗೆ ನಿಂತಿರುತ್ತೆ, ಸ್ವಲ್ಪ ಗಾಳಿ ಬೀಸಿದರೆ ಪಕ್ಕದಲ್ಲಿ ಹೋಯ್ತು.

ಉಸಿರು ಬಿಡು:

ನಾನು ಬಯಾತ್ಲಾನ್ ಹುಚ್ಚ. ಟೀವಿಯಲ್ಲಿ ನೋಡಿರಬಹುದು, ಹಿಮದ ಮೇಲೆ ಸ್ಕೀ ಮಾಡ್ಕೊಂಡು ಬಂದು .22ರಲ್ಲಿ 50 ಮೀಟರಿಗೆ ಐದು ಕಪ್ಪು ಚುಕ್ಕೆ ಹೊಡೀತಾರೆ. ತಾಗಿದ ಕೂಡಲೇ ಕಪ್ಪು ಹೋಗಿ ಬಿಳಿ. ಮಲಗಿ ಹೊಡೆಯೋವಾಗ 45 ಮಿ.ಮೀ., ನಿಂತು ಹೊಡೆಯೋವಾಗ 115. ತಪ್ಪಿದ್ದಕ್ಕೆಲ್ಲ, ಹೆಚ್ಚಿನ ಸ್ಪರ್ಧೆಗಳಲ್ಲಿ, 150 ಮೀಟರಿನ ಒಂದೊಂದು ದಂಡದ ಸುತ್ತು.

ಮಕ್ಕಳಿಗೆ ಹೀಗೆ ಮಾಡಿ: ಐದು ಬಲೂನು ಸಾಲಾಗಿ. ಬರಿಗೈಯಲ್ಲಿ ಓಡಿಬಂದು ಕೂರಬೇಕು, ರೈಫಲ್ಲು ಬೆಂಚಿನ ಮೇಲೆ ಬೋಲ್ಟ್ ತೆರೆದು ಕಾಯ್ತಿರುತ್ತೆ, ಗುಂಡು ಕೊಡೋದು ದೊಡ್ಡವರು. ರೈಫಲ್ ಹಿಡ್ಕೊಂಡು ಓಡೋದು ಯಾವ ಕಾರಣಕ್ಕೂ ಇಲ್ಲ. ತಪ್ಪಿದ್ದಕ್ಕೊಂದು ಸುತ್ತು, ಹಿಂದುಗಡೆ, ಗುಂಡಿನ ದಿಕ್ಕಿಗೆ ಅಲ್ಲ. ಏದುಸಿರು ಬಿಡ್ತಾ ಕೂತ ಮಗುವಿಗೆ ಉಸಿರಾಟ ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ, ಸೈಟು ಮೇಲೆ ಕೆಳಗೆ ಹಾರೋದು ಅದಕ್ಕೇ ಕಾಣುತ್ತೆ.

ಒಂದೇ ತೊಂದರೆ. ನನ್ನ ಮಗಳಿಗೆ ಓಡೋದೇ ಇಷ್ಟ, ಬೇಕಂತಲೇ ತಪ್ಪಿಸ್ತಿದ್ದಳು.

ಢಂ ಢಂ:

ಇಷ್ಟೆಲ್ಲ ಯಾಕೆ? ಬೆರೆಸಿ ಇಟ್ಟರೆ ಗುಂಡು ತಾಗಿದಾಗ ಸಿಡಿಯೋ ಪುಡಿ ಬರುತ್ತಲ್ಲ, ಅದನ್ನಿಡಿ. ಮಕ್ಕಳು ಜನ್ಮದಲ್ಲಿ ಮರೆಯಲ್ಲ.

ಇಲ್ಲಾಂದ್ರೆ ತಾನೇ ಮುಚ್ಚಿಕೊಳ್ಳೋ ರಬ್ಬರ್ ಚೆಂಡು.

ಸೀಮೆಸುಣ್ಣ:

ಪುಡಿ ಬೇಡವೇ ಬೇಡ. ಅಂಥವು ಸಾಮಾನ್ಯವಾಗಿ ದೊಡ್ಡ ರೈಫಲ್ಲಿನ ವೇಗಕ್ಕೆ ಮಾತ್ರ ಸಿಡಿಯುತ್ತವೆ, .22 ತಾಗಿದರೆ ಸುಮ್ಮನೆ ಕೂತಿರುತ್ತವೆ. ಸಿಡಿಯಲಿಲ್ಲ ಎಂದು ಜನ ಹತ್ತಿರ ಹೋಗುತ್ತಾರೆ, ಇನ್ನಷ್ಟು ಸುರಿಯುತ್ತಾರೆ. ಅಪಘಾತ ಹುಟ್ಟುವುದು ಅಲ್ಲೇ. ಬೆಂಕಿಯ ಭಯ ಬೇರೆ. ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ ಅನ್ನುವುದನ್ನು ಮಾತ್ರ ಒಪ್ಪುತ್ತೇನೆ.

ಚೆಂಡು ಒಳ್ಳೆಯದು, ಮಗನಿಗೆ. .22 ಒಳಹೊಕ್ಕು ಆಚೆ ಹೋಗುತ್ತದೆ, ತೂತು ಮುಚ್ಚಿಕೊಳ್ಳುತ್ತದೆ, ಚೆಂಡು ಕಪ್ಪೆಯಂತೆ ನೆಗೆಯುತ್ತದೆ. ನೆಗೆದು ನೆಗೆದು ದಿಬ್ಬದ ಅಂಚಿನಾಚೆ ಹೋಗದ ಹಾಗೆ ದಾರ ಕಟ್ಟಿ. ಮಗಳಿಗೆ ಅದನ್ನು ಕೊಡಬೇಡಿ. ನಿಧಾನದ ಪೆಲೆಟ್ಟು ರಬ್ಬರನ್ನು ತೂರಲಾರದೆ ನೇರ ವಾಪಸ್ ಬರುತ್ತದೆ.

ಎಡಗಣ್ಣಿನ ಅಪ್ಪ:

ಭಾನುವಾರ ಹೋಗಿಬಂದೆವು.

ಟೀಚರ್, ರಟ್ಟಿನ ಪರೀಕ್ಷೆ ಮಾಡಿದೆ. ಮಗಳ ಯಜಮಾನ ಕಣ್ಣು ಎಡಗಣ್ಣು! ನನ್ನದೂ ಅದೇ, ನನ್ನ ಹೆಸರಲ್ಲೇ ಇದೆ, ಆದರೂ ಎರಡು ತಿಂಗಳು ಅವಳ ಬಲ ಹೆಗಲಿಗೇ ಬಟ್ ಒತ್ತಿಸಿದ್ದೀನಿ. ಬಲಗೈಲಿ ಬರೀತಾಳೆ ಅನ್ನೋದು ಬಿಟ್ಟು ಬೇರೆ ಯೋಚನೆಯೇ ಬರಲಿಲ್ಲ. ಪಾಪ, ಬಲ ಹೆಗಲಿನ ರೈಫಲ್ಲಿಗೆ ಎಡಗಣ್ಣು ತರೋಕೆ ತಲೆಯನ್ನ ಬಟ್ ಮೇಲೆ ಪೂರ್ತಿ ಮಲಗಿಸ್ತಿದ್ದಳು. ಕತ್ತು ನೋಯದೆ ಇನ್ನೇನು? ಎಡ ಹೆಗಲಿಗೆ ಬದಲಿಸಿದೆ. ಮೊದಲ ಹತ್ತು ನಿಮಿಷ ಬೋರೆಗಲ್ಲು ಹೊತ್ತವಳ ಹಾಗೆ ಕೂತಿದ್ದಳು. ಆಮೇಲೆ ಹತ್ತರಲ್ಲಿ ನಾಲ್ಕು ಸೀಮೆಸುಣ್ಣ. ಅದರಲ್ಲಿ ಒಂದು ಪಕ್ಕದ ಕಡ್ಡಿ, ಅದಕ್ಕೇ ಗುರಿ ಇಟ್ಟಿದ್ದೆ ಅಂತ ವಾದ. ವಾದ ಬೇಡ ಅಂತ ಈಗ ಯಾವ ಬಣ್ಣ ಅಂತ ಮೊದಲೇ ಹೇಳಿ ಹೊಡೆಯೋ ನಿಯಮ ಬಂದಿದೆ. "ಬಿತ್ತಾ?" ಒಂದು ಸಲವೂ ಕೇಳಲಿಲ್ಲ.

ಮಂಜುಗಡ್ಡೆ ಅರ್ಧ ಗೆಲುವು. ತೆಳು ಬಿಲ್ಲೆ ಹನ್ನೆರಡು ಮಾಡಿದ್ದೆವು, ದಾರಿಯಲ್ಲಿ ಒಂದಕ್ಕೊಂದು ಅಂಟಿ ಒಂದೇ ನೀಲಿ ಮುದ್ದೆ ಆಗಿತ್ತು. ನಡುವೆ ಕಾಗದ ಇಡಬೇಕಿತ್ತು. ಮುದ್ದೆಯನ್ನು ಮಗನಿಗೆ ಇಟ್ಟೆ, ಪುಡಿಪುಡಿ ಮಾಡಿದ.

ಬಲೂನಿನ ಹಿಟ್ಟು ಊದೋವಾಗ ನನ್ನ ಬಾಯಿಗೇ ಬಂತು. ಇದನ್ನು ಮುಂಚೆ ಹೇಳಬಾರದಿತ್ತಾ?

ಒಂದೇ ಗುಂಡು:

ಪಂಪಲ್ಲಿ ಊದಬೇಕು ಗುರುವೇ. ಬಾಯಲ್ಲಿ ಯಾರು ಊದು ಅಂದರು? ಅದೂ ಪೆಲೆಟ್ ಮುಟ್ಟಿದ ಕೈಯಲ್ಲಿ ಬಲೂನು ಹಿಡ್ಕೊಂಡು! ಸೀಸ ಅದು. ಮಕ್ಕಳಿಗೂ ಹೇಳಿ, ಸೋಪು ಹಾಕಿ ಕೈ ತೊಳೆಯೋವರೆಗೆ ಬಾಯಿಗೆ ಏನೂ ಇಲ್ಲ. ಬಿಸ್ಕತ್ತು ಗುರಿ ಇಡೋ ದಿನ ಇದು ಇನ್ನೂ ಮುಖ್ಯ, ನಮ್ಮವನು ಉಳಿದ ಗುರಿಯನ್ನು ತಿಂದಿದ್ದ.

ಎಡಗಣ್ಣಿನ ಅಪ್ಪ:

ಸರಿ ಸರಿ, ಪಂಪ್ ತರ್ತೀನಿ.

ಮಗ ಒಂದು ಮಾತು ಹೇಳಿಕಳಿಸಿದ್ದಾನೆ. ಚೂರಿನ ಚೂರು ಆಟದಲ್ಲಿ 25 ಮೀಟರಿಂದ ಹೆಬ್ಬೆರಳಿನ ಉಗುರಿನಷ್ಟು ಚೂರಿಗೆ ಹೊಡೆದನಂತೆ. ನಾನು ಆಗ ಸೀಮೆಸುಣ್ಣ ನಿಲ್ಲಿಸೋಕೆ ಪೆಟ್ಟಿಗೆಯಿಂದ ತೆಗೀತಿದ್ದೆ, ನೋಡಲಿಲ್ಲ.

ಸೀಮೆಸುಣ್ಣ:

ಅವನು ಹೊಡೆಯುವಾಗ ನೀವು ಬೆಂಚಿನ ಹಿಂದೆಯೇ ಇದ್ದಿರಿ ತಾನೆ? ಪಕ್ಕದಿಂದ ಅಲ್ಲಾಡುವುದಿಲ್ಲ ಅಂದಿದ್ದಿರಿ.

ಚೂರಿನ ಫೋಟೋ ಇದ್ದರೆ ಹಾಕಿ.

ಎಡಗಣ್ಣಿನ ಅಪ್ಪ:

ಎರಡು ಹೆಜ್ಜೆ ಹಿಂದೆ, ಬೆಂಚಿನ ಹಿಂದೇನೇ ಟೀಚರ್. ಆದರೂ ಒಪ್ಪಿದೆ, ಬೆನ್ನು ತಿರುಗಿಸಿದ್ದು ತಪ್ಪು. ಇನ್ಮೇಲೆ ಎಲ್ಲ ಮೊದಲೇ ಜೋಡಿಸಿಟ್ಟು ಕೂರ್ತೀನಿ.

ಫೋಟೋ ಕೇಳಿದೆ. "ಹೊಡೆದ ಮೇಲೆ ಚೂರು ಎಲ್ಲಿರುತ್ತಪ್ಪಾ?" ಅಂತಾನೆ.